ಎರಡು ಮಳೆಗಾಲದ ಕಿಲುಬು

ಮೂವತ್ತೇಳು ಮುಗಿದಿದ್ದವು, ಉಳಿದದ್ದು ಒಂದೇ. ದೋಣಿಯ ಮೂತಿಯ ಮೇಲೆ ಎರಡೂ ಕಡೆ ಕೊಂಬು ಚಾಚಿಕೊಂಡು ಕೂತ ಕಂಚಿನ ಗೂಟ. ಅದಕ್ಕೆ ಹಗ್ಗ ಸುತ್ತಿ ದೋಣಿಯನ್ನು ಕಟ್ಟಿಹಾಕುತ್ತಾರೆಂದು ಬಡಿಗ ಮಾಯಪ್ಪ ಒಮ್ಮೆ ಹೇಳಿದ್ದ. ಸಾತವ್ವ ಅದರ ಮುಂದೆ ಮಂಡಿಯೂರಿ, ನೆನೆದ ಹುಣಸೆಹಣ್ಣಿನ ಮುದ್ದೆಗೆ ಹರಳುಪ್ಪು ಒತ್ತಿ ಎರಡೂ ಕೊಂಬಿಗೆ ಮೆತ್ತಿದಳು. ಹಸಿರು ಮೊದಲು ಕಪ್ಪಾಯಿತು, ಆಮೇಲೆ ಕಂದು ನೀರಾಗಿ ಅವಳ ಬೆರಳ ಸಂದಿಯಿಂದ ಇಳಿಯಿತು. ಒದ್ದೆ ಅರಿವೆಯಿಂದ ಒಮ್ಮೆ ಎಳೆದು ಒರೆಸಿದಾಗ ಒಳಗಿನಿಂದ ಕಂಚು ಕಣ್ಣು ಬಿಟ್ಟಿತು.

ದೋಣಿ ನಿಂತದ್ದು ಖಾನಾಪುರದ ಹೊರಗೆ, ಎಂದೋ ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದರ ಶೆಡ್ಡಿನಲ್ಲಿ. ಸಮುದ್ರಕ್ಕೂ ಅದಕ್ಕೂ ನಡುವೆ ಒಂದಿಡೀ ಕಾಡಿತ್ತು, ಒಂದಿಡೀ ಘಟ್ಟವಿತ್ತು. ಮಳೆ ಬರುವ ದಿಕ್ಕಿಗೆ ಗೋಡೆಯೇ ಇಲ್ಲದ ಆ ಶೆಡ್ಡಿನಲ್ಲಿ, ಮರದ ಕಾಲುಗಳ ಮೇಲೆ, ಸಾಗವಾನಿಯ ಆ ಮೈ ಯಾರದೋ ನಿದ್ದೆಯಲ್ಲಿ ತೇಲಿಬಂದು ದಾರಿ ಮರೆತು ನಿಂತಂತೆ ಇತ್ತು. ಸಾತವ್ವ ಸಮುದ್ರ ಕಂಡವಳಲ್ಲ. ಬಂದ ಹೊಸದರಲ್ಲಿ, ಬೆಳಗಿನ ಮಂಜು ಬಯಲಿನ ಕಡೆಯಿಂದ ಒಳನುಗ್ಗಿ ಆ ಮರದ ಕಾಲುಗಳನ್ನು ಮುಚ್ಚಿದಾಗ, ದೋಣಿ ತುಸುವೇ ಅಲುಗಿತೆಂದು ಅನ್ನಿಸಿ ಕಸಬರಿಗೆ ಹಿಡಿದು ನಿಂತಲ್ಲೇ ನಿಂತುಬಿಟ್ಟಿದ್ದಳು.

ಅವಳು ಇಲ್ಲಿಗೆ ಬಂದದ್ದು ಕಾರಹುಣ್ಣಿಮೆಯ ಮರುದಿನ. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಪಾಲೀಶ್ ಖೋಲಿಯ ಚಕ್ರದ ಮುಂದೆ ಕೂತವಳು. ಬಟ್ಟೆಯ ಪದರುಗಳನ್ನು ಹೊಲಿದು ಮಾಡಿದ ಚಕ್ರ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತದೆ. ಅದಕ್ಕೆ ಒಡ್ಡಿದ ಗಂಟೆ, ಸಮೆ ದೀಪ, ಬಾಗಿಲ ಹಿಡಿಕೆ ಎಲ್ಲ ಕನ್ನಡಿಯಾಗಿ ಹೊರಬರುತ್ತವೆ. ಕನ್ನಡಿಯಾಗುವ ಮೊದಲು ಅವುಗಳ ಮೈಮೇಲಿದ್ದದ್ದು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಿದವರಲ್ಲ. ಅದು ಸೆರಗು ಬಿಗಿದ ಮೂಗಿನೊಳಗೆ ಹೋಗುತ್ತದೆ. ಹೊಳಪಿನ ಹೆಸರು ಗುಡಿಯದ್ದು, ಹೋಟೆಲಿನದ್ದು. ಕರಿಯ ಕಫ ಮಾತ್ರ ಚಕ್ರಗಳ ಮುಂದೆ ಕೂತ ಆರು ಹೆಂಗಸರದು. ಹಾಜರಿ ಪುಸ್ತಕದಲ್ಲಿ ಅವರು ಆರೂ ಮಂದಿ ಕಸ ಗುಡಿಸುವವರು.

ದೊಡ್ಡ ಆಸ್ಪತ್ರೆಯ ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, ಧೂಳು ಬಿಟ್ಟರೆ ಬದುಕುತ್ತೀ ಎಂದಷ್ಟೇ ಹೇಳಿದ್ದರು. ಅದನ್ನು ಮಾಲಕರಾದ ಜಿನಪಾಲರಿಗೆ ತಿಳಿಸಿದಾಗ ಅವರು ಸಿಟ್ಟಾಗಲಿಲ್ಲ. ಕೆಟ್ಟ ಮನುಷ್ಯರಲ್ಲ, ಮಹಾವೀರ ಜಯಂತಿಗೆ ಎಲ್ಲರಿಗೂ ಸೀರೆ ಕೊಡುವವರು. ಮಗಳು ಪೂನಮ್ ಖಾನಾಪುರದಲ್ಲಿ ಅದೇನೋ ದೋಣಿ ಕಟ್ಟಿಸುತ್ತಿದ್ದಾಳೆ, ಅಲ್ಲಿ ಗುಡಿಸಿ ಒರೆಸಿಕೊಂಡು ಕಾಯಲು ಒಬ್ಬರು ಬೇಕು, ದಸರೆಯವರೆಗೆ ಅಲ್ಲಿದ್ದು ಗಾಳಿ ಕುಡಿದು ಬಾ, ಎಂದಿದ್ದರು. ರಜೆಗೆ ಕಳಿಸಿದ ಹಾಗೆ. ಉಸಿರು ಕೂಡ ರಜೆ ಮುಗಿಸಿಕೊಂಡು ಕೆಲಸಕ್ಕೆ ಹಾಜರಾಗುತ್ತದೆಂಬ ಹಾಗೆ.

ದಸರೆ ಬಂದೇಬಿಟ್ಟಿತ್ತು. ಸೋಮವಾರ ದೋಣಿ ಲಾರಿ ಹತ್ತಿ ಗೋವಾಕ್ಕೆ ಹೋಗುತ್ತದೆ. ಅಲ್ಲಿಗೆ ಶೆಡ್ಡಿನ ಕೆಲಸ ಮುಗಿಯಿತು. ಆಮೇಲೆ ಮತ್ತೆ ಚಕ್ರ. ಅದು ಬೇಡವೆಂದರೆ ಹಿಂಡಲಗಾದಲ್ಲಿ ಅಳಿಯನ ಮನೆಯ ಹೊರಪಡಸಾಲೆ, ಅದರಲ್ಲಿ ಈಗಾಗಲೇ ಬೀಗರ ಮಂಚ. ಸಾತವ್ವ ಎಂಟು ದಿನದಿಂದ ಇದನ್ನೇ ತಿರುವಿಹಾಕುತ್ತಿದ್ದಳು. ಕೊನೆಗೆ ಅವಳಿಗೆ ಹೊಳೆದದ್ದು ತನ್ನ ಕೈ. ದೋಣಿಯ ಮೈಮೇಲಿನ ಕಂಚೆಲ್ಲ ಕಿಲುಬು ಹಿಡಿದು ಹಾಳಾಗಿತ್ತು. ಮನೆಮಗಳ ಕೆಲಸವೆಂದು ಫೌಂಡ್ರಿಯವರು ಪಾಲೀಶ್ ಮಾಡದೆಯೇ ಅರ್ಧಕ್ಕೆ ಕೊಟ್ಟು ಕಳಿಸಿದ್ದಾರೆಂದು ನೋಡಿದೊಡನೆ ಗೊತ್ತಾಗುತ್ತಿತ್ತು. ಅದರ ಮೇಲೆ ಪೂನಮ್ ಹದಿನೈದು ದಿನಕ್ಕೊಮ್ಮೆ ಗೋವಾದಿಂದ ಕ್ಯಾನಿನಲ್ಲಿ ಉಪ್ಪುನೀರು ತಂದು, ಕುಂಚ ಅದ್ದಿ, ಒಂದೊಂದಕ್ಕೂ ಚಿಮುಕಿಸುತ್ತಿದ್ದಳು. ಅವರ ಬಸದಿಯಲ್ಲಿ ಮೂರ್ತಿಗೆ ಅಭಿಷೇಕ ನಡೆಯುವುದು ಸಾತವ್ವನಿಗೆ ಗೊತ್ತಿತ್ತು. ಇದೂ ಅಂಥದೇ ಒಂದು ವ್ರತವೆಂದುಕೊಂಡಿದ್ದಳು. ಅಭಿಷೇಕ ಮಾಡಿ ಒರೆಸದೆ ಹೋದರೆ ಕಿಲುಬು ಹಿಡಿಯದೆ ಇನ್ನೇನು? ಬಡಮನೆಯ ತಂಬಿಗೆಯನ್ನೂ ಯಾರೂ ಹಾಗೆ ಬಿಡುವುದಿಲ್ಲ. ದೊಡ್ಡವರ ಮಕ್ಕಳಿಗೆ ಒರೆಸುವುದು ಯಾರು ಕಲಿಸಿರುತ್ತಾರೆ?

ಇವತ್ತು ಖಂಡೇಪೂಜೆ, ದಸರೆಯ ಮುನ್ನಾದಿನದ ಆಯುಧಪೂಜೆ. ಲೋಹವೆಲ್ಲ ಬೆಳಗಬೇಕಾದ ದಿನ. ನಿನ್ನೆ ಬೆಳಿಗ್ಗೆ ಮಾಯಪ್ಪ ಹಬ್ಬಕ್ಕೆಂದು ತನ್ನೂರು ಬೀಡಿಗೆ ಹೊರಟ ಮೇಲೆ ಅವಳು ಹುಣಸೆಹಣ್ಣು ನೆನೆಹಾಕಿದ್ದಳು. ಪೂನಮ್ ಬಂದು ನೋಡಲಿ. ಇಂಥ ಕೈ ದೋಣಿಯ ಜೊತೆಗೇ ಇರಲಿ ಎಂದು ಅವಳಿಗೇ ಅನ್ನಿಸಲಿ. ಗೋವಾವಾದರೂ ಸರಿ, ಸಮುದ್ರದ ನಡುವಾದರೂ ಸರಿ. ಅಲ್ಲಿ ಧೂಳಿರುವುದಿಲ್ಲವಂತೆ.

ಹತ್ತು ಗಂಟೆಯ ಹೊತ್ತಿಗೆ ಪೂನಮಳ ಜೀಪು ಬಂತು. ಚೆಂಡುಹೂವಿನ ಪೊಟ್ಟಣ, ತೆಂಗಿನಕಾಯಿ ಹಿಡಿದು ಅವಳು ಇಳಿದಳು. ನಾಲ್ಕು ಹೆಜ್ಜೆ ಬಂದವಳು ಅಲ್ಲೇ ನಿಂತಳು. ಬಯಲಿನ ಕಡೆಯಿಂದ ಬಂದ ಬೆಳಕು ದೋಣಿಯ ಅಂಚಿನುದ್ದಕ್ಕೂ ಕಿಡಿ ಹೊತ್ತಿಸುತ್ತ ಓಡುತ್ತಿತ್ತು: ದುಂಡು ಕಿಟಕಿಗಳ ಬಳೆ, ಹಗ್ಗ ಹಾಯುವ ರಾಟೆ, ಚುಕ್ಕಾಣಿಯ ಕೀಲು. ಸಾತವ್ವ ಮೇಲೆ ನಿಂತು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕಾದಳು.

"ಸಾತವ್ವಾ, ಏನ ಮಾಡೀರಿ ಇದು?"

"ಎಲ್ಲಾ ತಿಕ್ಕೇನ್ರಿ ಅಕ್ಕಾರ. ಸಂದ್ಯಾಗಿಂದೂ ಬಿಟ್ಟಿಲ್ಲ. ಪೂಜಾ ಮಾಡ್ರಿ ಈಗ."

ಪೂನಮ್ ಕೈಯಲ್ಲಿದ್ದದ್ದನ್ನು ಜೀಪಿನ ಮೂತಿಯ ಮೇಲಿಟ್ಟು, ಏಣಿ ಹತ್ತಿ ಮೇಲೆ ಬಂದಳು. ಒಂದೊಂದನ್ನೂ ಮುಟ್ಟಿ ನೋಡಿದಳು. ಅವಳು ಮುಟ್ಟುವ ಬಗೆ ಮೆಚ್ಚಿಕೊಂಡವರ ಬಗೆಯಲ್ಲವೆಂದು ಸಾತವ್ವನಿಗೆ ನಾಲ್ಕನೆಯದಕ್ಕೇ ತಿಳಿಯಿತು. ಸತ್ತವರ ಹಣೆ ಮುಟ್ಟುವವರು ಹಾಗೆ ಮುಟ್ಟುತ್ತಾರೆ. ಕೊನೆಗೆ ಪೂನಮ್ ಮೂತಿಯ ಗೂಟದ ಪಕ್ಕ, ಹುಣಸೆಯ ಕಂದು ನೀರಿನ ಮೇಲೆಯೇ ಕೂತುಬಿಟ್ಟಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಸಾತವ್ವನಿಗೆ ಹಗುರಾಗುತ್ತಿತ್ತು. ಕೂಗಾಟಕ್ಕೆ ಏನು ಹೇಳಬೇಕೆಂಬುದು ಅವಳಿಗೆ ರೂಢಿಯಿತ್ತು.

"ಕಿಲುಬ ಹಿಡದಿತ್ತಲ್ರಿ," ಎಂದಳು ಸಾತವ್ವ, ತಗ್ಗಿದ ದನಿಯಲ್ಲಿ.

"ಹಿಡೀಲಿ ಅಂತನ ಬಿಟ್ಟಿದ್ದೆ. ಎರಡ ಮಳಿಗಾಲ."

ಆಮೇಲೆ ಪೂನಮ್ ಮಾತಾಡಿದಳು, ಸಾತವ್ವನಿಗಿಂತ ಹೆಚ್ಚು ತನಗೇ ಹೇಳಿಕೊಳ್ಳುವಂತೆ. ಸಮುದ್ರದ ಗಾಳಿಗೆ ಬಿಟ್ಟರೆ ಕಂಚು ತನ್ನ ಮೈಮೇಲೆ ತಾನೇ ಒಂದು ಚರ್ಮ ಬೆಳೆಸಿಕೊಳ್ಳುತ್ತದಂತೆ. ಮೊದಲು ಕಂದು, ಆಮೇಲೆ ಕಪ್ಪು, ಆಮೇಲೆ ಎಲ್ಲೋ ಒಂದು ಅಂಚಿನಿಂದ ಹಸಿರು. ಆ ಚರ್ಮ ಕೂತಿತೆಂದರೆ ಒಳಗಿನ ಲೋಹಕ್ಕೆ ಉಪ್ಪು ತಾಗದಂತೆ ಅದೇ ಕಾಯುತ್ತದಂತೆ. ಹಗ್ಗ ಉಜ್ಜುವ ಕಡೆ ಮಾತ್ರ ಅದು ಹೊಳೆಯುತ್ತಿರುತ್ತದಂತೆ, ಹೊಸ್ತಿಲು ನಡುವೆ ಸವೆದು ಹೊಳೆಯುವ ಹಾಗೆ. ಅದಕ್ಕೇ ಅವಳು ಅಪ್ಪನ ಹತ್ತಿರ ಜಗಳವಾಡಿ ಪಾಲೀಶ್ ಬೇಡವೆಂದು ತಂದದ್ದು, ಅದಕ್ಕೇ ಗೋಡೆಯಿಲ್ಲದ ಈ ಶೆಡ್ಡು, ಅದಕ್ಕೇ ಅಷ್ಟು ದೂರದಿಂದ ಕ್ಯಾನಿನಲ್ಲಿ ಸಮುದ್ರದ ನೀರು. ಮುಟ್ಟಬಾರದೆಂದು ಮಾಯಪ್ಪನಿಗೆ ಹೇಳಿದ್ದಳು. ಸಾತವ್ವನಿಗೆ ಹೇಳಬೇಕೆಂದು ಅನ್ನಿಸಿರಲಿಲ್ಲ.

"ಆ ಚರ್ಮಾ ಬಂದ ಮ್ಯಾಲ ಯಾರೂ ಅದನ್ನ ತಿಕ್ಕೋದು ಬ್ಯಾಡ, ಸಾತವ್ವಾ. ಎಂದೂ ಬ್ಯಾಡ."

"ಯಾರೂ?"

"ಯಾರೂ."

ಸಾತವ್ವ ತನ್ನ ಕೈ ನೋಡಿಕೊಂಡಳು. ಹುಣಸೆ ತಿಂದ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಈ ಭೂಮಿಯ ಮೇಲೆ ಒಂದು ಲೋಹ, ಯಾರೂ ತಿಕ್ಕದೆ, ಯಾರೂ ಒರೆಸದೆ, ತನಗೆ ತಿಳಿದಂತೆ ತಾನಿರಲಿ ಎಂದು ಬಿಟ್ಟಿರುವುದು. ಅದಕ್ಕಾಗಿ ಒಬ್ಬಳು ಎರಡು ವರ್ಷ ಕಾಯುವುದು. ಎಂಥ ವಿಚಿತ್ರ, ಎಂಥ ಚೆಂದ. ಅದನ್ನು ತಾನು ಒಂದು ದಿನದಲ್ಲಿ ತೊಳೆದು ಹಾಕಿದ್ದಳು. ಅದರ ಜೊತೆಗೆ ತನಗೆ ಇರಬಹುದಾಗಿದ್ದ ಒಂದು ಜಾಗವನ್ನೂ. ತಿಕ್ಕುವುದೇ ಬೇಡವಾದ ದೋಣಿಗೆ ತಿಕ್ಕುವವಳು ಯಾಕೆ?

ಅಷ್ಟರಲ್ಲಿ ಜಿನಪಾಲರ ಫೋನು ಬಂತು. ಪೂಜೆಯಾಯಿತೇ ಎಂದು ಕೇಳಲು ಮಾಡಿದ್ದರು. ಪೂನಮ್ ಫೋನನ್ನು ಮರದ ಮೇಲಿಟ್ಟು, ಸ್ಪೀಕರ್ ಹಾಕಿ, ನಡೆದದ್ದನ್ನು ಎರಡು ಮಾತಿನಲ್ಲಿ ಹೇಳಿದಳು. ಆ ಕಡೆಯಿಂದ ಮೊದಲು ನಗೆ ಕೇಳಿಸಿತು.

"ಹೋಗ್ಲಿ ಬಿಡವ್ವಾ, ಅದಕ್ಯಾಕ ಮಾರಿ ಸಣ್ಣ ಮಾಡ್ತಿ. ಆಕಿಗೇ ಗೊತ್ತೈತಿ ಅದರ ಔಷಧ. ಹಳೇ ಮೂರ್ತಿ ಅಂತ ಹೋಟೆಲದವರಿಗೆ ಮಾಡಿ ಕೊಡ್ತೀವಲ್ಲ, ಅದ. ನವಸಾಗರ, ಅಮೋನಿಯಾ, ಉಪ್ಪು. ಎರಡ ದಿನದಾಗ ಇನ್ನೂರ ವರ್ಷದ ಹಸರ ಬರತೈತಿ. ಬಾಟ್ಲಿ ಕಳಸ್ತೀನಿ ಈಗ. ಮತ್ತ ಸೋಮವಾರ ಟೆಂಪೋ ಬರತೈತಿ, ಆಕಿನ್ನ ಅದರಾಗ ಕಳಸು. ದೀಪಾವಳಿ ಸಮೆ ರಾಶಿ ಬಿದ್ದಾವ, ಚಕ್ರ ಒಂದು ಖಾಲಿ ಕುಂತೈತಿ."

ಖಾಲಿ ಕೂತ ಆ ಚಕ್ರ ಜೊತೆಗಾತಿ ಫಕೀರವ್ವನದೆಂದು ಫೋನಿನ ಈ ಕಡೆ ಗೊತ್ತಿದ್ದವಳು ಸಾತವ್ವ ಒಬ್ಬಳೇ.

ಪಾಲೀಶ್ ಖೋಲಿಯ ಹಿಂದೆ ಇನ್ನೊಂದು ಸಣ್ಣ ಖೋಲಿಯಿತ್ತು. ಗಾಳಿ ಆಡಿದರೆ ಔಷಧ ಬೇಗ ಒಣಗಿ ಬಣ್ಣ ಹತ್ತುವುದಿಲ್ಲವೆಂದು ಅದರ ಕಿಟಕಿಗೆ ಹಲಗೆ ಹೊಡೆದಿದ್ದರು. ಹೊಸದಾಗಿ ಎರೆದ ನಟರಾಜ, ಬುದ್ಧ, ಆನೆ, ಕುದುರೆಗಳಿಗೆ ಫಕೀರವ್ವ ಮತ್ತು ಸಾತವ್ವ ಕುಂಚದಲ್ಲಿ ಆ ನೀರು ಬಳಿಯುತ್ತಿದ್ದರು. ಕಣ್ಣು ಉರಿದು ಸುರಿಯುತ್ತಿತ್ತು. ಬೆಳಗಾಗುವುದರೊಳಗೆ ಮೂರ್ತಿಗಳು ಮುದುಕರಾಗಿರುತ್ತಿದ್ದವು. ನಾವೂ ಹಂಗೇ ಆಗೂದು ನೋಡು, ಎಂದು ಫಕೀರವ್ವ ನಗುತ್ತಿದ್ದಳು, ಅವಳಿಗಾಗ ನಲವತ್ತೂ ಆಗಿರಲಿಲ್ಲ. ಹೋದ ವರ್ಷದ ಶ್ರಾವಣದಲ್ಲಿ ಅವಳು ಹರಿದ ತಿದಿಯಂತೆ ಮೂರು ದಿನ ಉಸಿರೆಳೆದಳು. ಗೋಡೆಗೆ ಒರಗಿಸಿ ಕೂರಿಸಿದ್ದರು, ಮಲಗಿದರೆ ಗಾಳಿ ಸಿಗುತ್ತಿರಲಿಲ್ಲ. ಮೂರನೆಯ ದಿನ ಸಾತವ್ವ ಅವಳ ಅಂಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಕೂತಿದ್ದಾಗಲೇ ಉಸಿರು ನಿಂತಿತು, ಉಗುರಿನ ಬುಡದ ಹಸಿರು ಇನ್ನೂ ಹೋಗಿರಲಿಲ್ಲ.

ಪೂನಮ್ ಫೋನು ಕಿಸೆಗೆ ಹಾಕಿಕೊಂಡಳು. ಆಮೇಲೆ, ಬಯಲಿನಲ್ಲೇ ಮಾಡಬಹುದಲ್ಲ, ಒಳ್ಳೆಯ ಮಾಸ್ಕು ತರಿಸಿಕೊಡುತ್ತೇನೆ, ಇದೊಂದು ಸಲ ಎಂದಳು. ಒರಟಾಗಿ ಹೇಳಲಿಲ್ಲ. ಬೇಡಿಕೊಂಡಂತೆಯೇ ಹೇಳಿದಳು. ಸಾತವ್ವನಿಗೆ ಅರ್ಥವಾಯಿತು: ಇದನ್ನು ಮಾಡಿಕೊಟ್ಟರೆ ತಪ್ಪು ಮುಚ್ಚಿಹೋಗುತ್ತದೆ. ಪೂನಮ್ ಕೃತಜ್ಞಳಾಗುತ್ತಾಳೆ. ಕೃತಜ್ಞರಾದವರ ಹತ್ತಿರ ಒಂದು ಮಾತು ಕೇಳಬಹುದು, ಚಕ್ರ ಬೇಡವೆಂದು ಅಪ್ಪನಿಗೆ ಹೇಳಿರಿ ಎಂದು ಕೇಳಬಹುದು. ಉಸಿರು ಉಳಿಸಿಕೊಳ್ಳಲು ಎರಡು ದಿನದ ಉಸಿರು ಕೊಟ್ಟರೆ ಸಾಕು. ಎಲ್ಲರೂ ಹೀಗೆಯೇ ಕೇಳುತ್ತಾರೆ. ಎರಡು ದಿನ, ಇದೊಂದು ಸಲ, ಈ ದೀಪಾವಳಿ ದಾಟಲಿ. ಹತ್ತೊಂಬತ್ತು ವರ್ಷವೆಂದರೆ ಇಂಥ ಎರಡೆರಡು ದಿನಗಳೇ.

"ನಾ ಮಾಡಂಗಿಲ್ರಿ ಅಕ್ಕಾರ," ಎಂದಳು.

ಪೂನಮ್ ತಲೆಯೆತ್ತಿ ನೋಡಿದಳು. ಆ ಮನೆಯವರಿಗೆ ಸಾತವ್ವ ಈ ಮಾತನ್ನು ಹಿಂದೆ ಯಾವತ್ತೂ ಹೇಳಿರಲಿಲ್ಲ. ಹೇಗೆ ಹೇಳಬೇಕೆಂದು ಗೊತ್ತಿಲ್ಲದ್ದರಿಂದ ಅದು ಬಹಳ ಮೆಲ್ಲಗೆ ಬಂತು.

"ಕಂಚಿಗೆ ಎರಡ ಮಳಿಗಾಲ ಕೊಟ್ರಿ ನೀವು. ನಾ ಇಲ್ಲಿ ಬಂದು ಒಂದ ಮಳಿಗಾಲ ಆತು. ಬಂದಾಗ ಈ ಏಣಿ ನಾಕ ಮೆಟ್ಟಲಾ ಹತ್ತಿ ಕುಂದರತಿದ್ದೆ. ಈಗ ಒಂದ ದಮ್ಮಿಗೆ ಹತ್ತತೀನ್ರಿ. ಈಗೀಗ."

ಬಟ್ಟಲು, ಅರಿವೆ ಎತ್ತಿಕೊಂಡು ಏಣಿ ಇಳಿದು ಹೋದಳು. ಆ ಹಬ್ಬದ ದಿನ ದೋಣಿಗೆ ಪೂಜೆಯಾಗಲಿಲ್ಲ. ಚೆಂಡುಹೂವಿನ ಪೊಟ್ಟಣ ಜೀಪಿನ ಮೂತಿಯ ಮೇಲೆಯೇ ಬಿಸಿಲಿಗೆ ಬಾಡಿತು.

ಬಾಟಲಿಗಳು ಮಧ್ಯಾಹ್ನ ಬಂದವು. ಪೂನಮ್ ಮೂಗಿಗೆ ಮಾಸ್ಕು ಕಟ್ಟಿ, ರಬ್ಬರಿನ ಕೈಗವಸು ಹಾಕಿ, ತಾನೇ ಮಾಡುವುದಾಗಿ ಹೇಳಿ ಏಣಿ ಹತ್ತಿದಳು. ಸಾತವ್ವ ಶೆಡ್ಡಿನ ಹೊರಗೆ, ಗಾಳಿ ಬರುವ ಕಡೆ ನೇರಳೆ ಮರದ ಕೆಳಗೆ ನಿಂತು, ಎಷ್ಟಕ್ಕೆ ಎಷ್ಟು ಬೆರೆಸಬೇಕೆಂದು ಅಲ್ಲಿಂದಲೇ ಹೇಳಿದಳು. ಮುಚ್ಚಿಡಲಿಲ್ಲ. ಗಾಳಿಗೆ ಬೆನ್ನು ಕೊಟ್ಟು ಕೂರಬೇಕೆಂದೂ ಕೂಗಿ ಹೇಳಿದಳು. ಪೂನಮ್ ಮೂತಿಯ ಗೂಟದಿಂದ ಶುರು ಮಾಡಿದಳು. ಅದೊಂದನ್ನು ಮುಗಿಸುವಷ್ಟರಲ್ಲಿ ಗಾಳಿ ತಿರುಗಿತು. ಅವಳು ಏಣಿಯನ್ನು ಹೇಗೆ ಇಳಿದಳೋ, ಮರದ ಕೆಳಗೆ ಬಂದು ಮೊಣಕಾಲೂರಿ, ಕಣ್ಣುಜ್ಜುತ್ತ, ಕರುಳು ಕಿತ್ತುಬರುವಂತೆ ಕೆಮ್ಮಿದಳು. ಸಾತವ್ವ ತಂಬಿಗೆಯಿಂದ ಅವಳ ಕಣ್ಣಿಗೆ ನೀರು ಹೊಡೆದಳು, ಬೆನ್ನು ನೀವಿದಳು. ಮೊದಲ ದಿನ ಫಕೀರವ್ವ ತನಗೆ ಹೀಗೆಯೇ ಬೆನ್ನು ನೀವಿದ್ದಳು.

ಕೆಮ್ಮು ತಗ್ಗಿದ ಮೇಲೆ ಪೂನಮ್ ಕೇಳಿದಳು:

"ಇದನ್ನ ದಿನಾ ಮಾಡ್ತಿದ್ರಿ?"

"ದಿನಾ ಎಲ್ಲಿದ್ರಿ. ವಾರದಾಗ ಮೂರ ದಿನ. ಉಳದ ದಿನ ಚಕ್ರ."

ಪೂನಮ್ ಬಾಟಲಿಗಳ ಬೂಚು ಮುಚ್ಚಿ ಜೀಪಿನ ಹಿಂದೆ ಇಟ್ಟಳು. ಮತ್ತೆ ಅವನ್ನು ಹೊರಗೆ ತೆಗೆಯಲಿಲ್ಲ.

ಮರುದಿನ ದಸರೆಯ ಸಂಜೆ ಮಾಯಪ್ಪ ಬೀಡಿಯಿಂದ ಬಂದ. ಹೊಸ ಅಂಗಿ, ಟೊಪ್ಪಿಗೆಯಲ್ಲಿ ಬನ್ನಿ ಎಲೆ. ಶೆಡ್ಡಿನ ಬಾಯಲ್ಲೇ ಎದುರಾದ ಸಾತವ್ವನ ಕೈಗೆ ನಾಲ್ಕು ಎಲೆ ಇಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೂಣು ಎಂದು ವಾಡಿಕೆಯ ಮಾತು ಹೇಳಿ, ಅವಳ ಕಾಲು ಮುಟ್ಟಲು ಬಗ್ಗಿದವನು ತಲೆ ಎತ್ತಿದಾಗ ಇಳಿಬಿಸಿಲಿನಲ್ಲಿ ದೋಣಿ ಕಂಡಿತು. ಬಾಯಿ ತೆರೆದುಕೊಂಡೇ ಇತ್ತು.

"ಯಕ್ಕಾ, ನಾ ಬಾಯಿಮಾತಿಗೆ ಅಂದೆ. ನೀ ಖರೇನ ಮಾಡಿಟ್ಟಿ?"

ಸಾತವ್ವನಿಗೆ ನಗು ಬಂತು. ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು. ಮಾಯಪ್ಪ ದೋಣಿಯನ್ನು ಎರಡು ಸುತ್ತು ಹಾಕಿದ. ಮೂತಿಯ ಹತ್ತಿರ ನಿಂತು, ಅಲ್ಲಿ ಎದ್ದುನಿಂತ ಹಸಿರು ಗೂಟವನ್ನು ನೋಡಿ, ಉಳದಾವು ಬಂಗಾರ, ಇದೊಂದ ಗಿಣಿ ಯಾಕ ಬಂದು ಕುಂತೈತಿ ಎಂದು ಕೇಳಿದ. ಜೀಪಿನಲ್ಲಿ ಕೂತು ಕಾಗದಪತ್ರ ನೋಡುತ್ತಿದ್ದ ಪೂನಮ್ ಆ ಮಾತಿಗೆ ಇಳಿದು ಬಂದಳು. ಮೂವರೂ ನಿಂತು ಅದನ್ನು ನೋಡಿದರು. ಅದು ನಿಜವಾಗಿಯೂ ಗಿಣಿಯ ಬಣ್ಣವೇ ಆಗಿತ್ತು. ಮಳೆ ಹಚ್ಚಿದ ಹಸಿರಿಗೆ ಒಳಗಿನಿಂದ ಬಂದ ಒಂದು ಮಬ್ಬು ಇತ್ತು. ಇದು ಮೇಲಿನಿಂದ ಬಳಿದದ್ದು, ಜಾತ್ರೆಯ ಗೊಂಬೆಯ ಹಾಗೆ.

"ಹುಣಸಿಹಣ್ಣ ಉಳದೈತೇನ್ ಸಾತವ್ವಾ?" ಎಂದಳು ಪೂನಮ್.

ಉಳಿದಿತ್ತು. ಪೂನಮ್ ತಾನೇ ಬಟ್ಟಲು ಹಿಡಿದು ಮೇಲೆ ಹೋಗಿ ಕೂತಳು. ಸಾತವ್ವ ಪಕ್ಕದಲ್ಲಿ ಕೂತಳು, ಕೈ ಹಾಕಲಿಲ್ಲ. ಒತ್ತಿ ಉಜ್ಜುವುದಲ್ಲ, ಹುಳಿಗೆ ಅದರ ಹೊತ್ತು ಕೊಡಬೇಕು ಎಂದು ಹೇಳಿದಳು. ಉಪ್ಪು ಸಾಲದೆಂದಳು. ಉಗುರಿನಿಂದ ಕೆರೆಯಬಾರದೆಂದಳು. ಪೂನಮಳ ಕೈ ಮೆತ್ತಗೆ, ಗೊತ್ತುಗುರಿಯಿಲ್ಲದೆ ಓಡಾಡುತ್ತಿತ್ತು. ಕೆಳಗೆ ನಿಂತ ಮಾಯಪ್ಪ ಅದನ್ನು ನೋಡಿ, ಅಕ್ಕಾರ ಇವತ್ತ ಸೊಸಿ ಆಗ್ಯಾರ ಎಂದು ಗೊಣಗಿದ. ಕತ್ತಲಾಗುವ ಮೊದಲು ಗಿಣಿ ಹಾರಿಹೋಯಿತು. ಇನ್ನು ಇಷ್ಟನ್ನೂ ಸಮುದ್ರವೇ ನೋಡಿಕೊಳ್ಳಲಿ, ಎಷ್ಟು ವರ್ಷ ಬೇಕೋ ಅಷ್ಟು, ಎಂದಳು ಪೂನಮ್, ಸುಕ್ಕಾದ ತನ್ನ ಬೆರಳ ತುದಿಗಳನ್ನು ಹೊಸದೇನೋ ನೋಡುವಂತೆ ನೋಡುತ್ತ.

ಆ ಸಂಜೆಯುದ್ದಕ್ಕೂ, ಅದರ ಮರುದಿನವೂ, ಸಾತವ್ವ ಇನ್ನೊಂದು ಮಾತಿಗಾಗಿ, ನೀವೂ ಬರ್ರಿ ಎನ್ನುವ ಮಾತಿಗಾಗಿ ಕಾದಳು. ಅದು ಬರಲಿಲ್ಲ. ಪೂನಮ್ ಹಗ್ಗದ ಬಗ್ಗೆ, ಲಾರಿಯ ಬಗ್ಗೆ, ಘಟ್ಟದಲ್ಲಿ ಕಣಕುಂಬಿ ದಾಟಿದ ಮೇಲಿನ ತಿರುವುಗಳ ಬಗ್ಗೆ ಮಾತಾಡಿದಳು. ಒಳ್ಳೆಯವರ ಒಳ್ಳೆಯತನ ಎಲ್ಲಿಯವರೆಗೆ ಬರುತ್ತದೆಂದು ಸಾತವ್ವನಿಗೆ ಅಂದಾಜಿತ್ತು. ಅದು ಬಾಗಿಲವರೆಗೆ ಬರುತ್ತದೆ, ಬಾಗಿಲು ದಾಟುವಾಗ ಚಪ್ಪಲಿ ಹುಡುಕುತ್ತ ನಿಲ್ಲುತ್ತದೆ. ಭಾನುವಾರ ಸಂಜೆ ಅವಳು ಎರಡು ಸೀರೆ, ಕಂಬಳಿ, ಸ್ಟೀಲಿನ ಡಬ್ಬಿ ಗಂಟು ಕಟ್ಟಿದಳು. ಗಂಟು ಯಾವ ಕಡೆ ಹೋಗಲೆಂದು ಕಟ್ಟಿದ್ದೆಂದು ಅವಳಿಗೇ ತಿಳಿಯದು.

ಸೋಮವಾರ ಬೆಳಿಗ್ಗೆ ಮಂಜು ಇತ್ತು. ಉದ್ದನೆಯ ಲಾರಿಯೊಂದು ಹಿಮ್ಮುಖವಾಗಿ ಶೆಡ್ಡಿನೊಳಗೆ ಬಂತು. ಸರಪಳಿ, ರಾಟೆ, ಹನ್ನೆರಡು ಮಂದಿ, ಮಾಯಪ್ಪನ ಕೂಗಾಟ. ದೋಣಿ ಮರದ ಕಾಲುಗಳಿಂದ ಎದ್ದು ಗಾಳಿಯಲ್ಲಿ ಒಂದು ನಿಮಿಷ ತೂಗಿತು. ಹಂದರದಂತಿದ್ದ ಮರದ ಕಾಲುಗಳನ್ನೂ ಬಿಚ್ಚಿ ಲಾರಿಗೇ ಹಾಕಿದರು, ಗೋವಾದಲ್ಲಿ ಇಳಿಸುವಾಗ ಬೇಕೆಂದು.

ಉದ್ಯಮಬಾಗದ ಟೆಂಪೋ ಆಗಲೇ ಬಂದು ರಸ್ತೆಯಂಚಿಗೆ ನಿಂತಿತ್ತು. ಬೆಳಗಾವಿಯ ಕಡೆ ಮುಖ ಮಾಡಿ ನಿಂತಿತ್ತು. ಡ್ರೈವರನಿಗೆ ಗಡಿಬಿಡಿ, ಬರ್ರಿ ಸಾತಕ್ಕಾ, ಮಾಲಕ್ರು ಎರಡ ಸಲ ಫೋನ್ ಮಾಡ್ಯಾರ ಎಂದು ಕರೆದ. ಸಾತವ್ವ ಗಂಟು ಹಿಡಿದು ಟೆಂಪೋದವರೆಗೆ ನಡೆದಳು. ತೆರೆದ ಬಾಗಿಲಿನಿಂದ ಒಳಗಿನ ವಾಸನೆ ಬಂತು. ಪಾಲೀಶ್ ಮೇಣ, ಸುಟ್ಟ ಬಟ್ಟೆ, ಹಿತ್ತಾಳೆಯ ಸಿಹಿ ಧೂಳು. ಸೀಟಿನ ಮೇಲೆ, ನೆಲದ ಮೇಲೆ, ಡ್ರೈವರನ ಹುಬ್ಬಿನ ಮೇಲೆ ಅದು ನಯವಾಗಿ ಕೂತಿತ್ತು. ಅವಳ ಎದೆ ತಾನಾಗಿಯೇ ಬಿಗಿಯಿತು, ನಾಯಿಯನ್ನು ಕಂಡ ಬೆಕ್ಕಿನ ಬೆನ್ನಿನಂತೆ.

"ನೀ ಹೋಗಪಾ," ಎಂದಳು.

ಅವನು ಏನೋ ಕೇಳಿದ. ಅವಳು ಬಾಗಿಲನ್ನು ಹೊರಗಿನಿಂದಲೇ ಮೆಲ್ಲಗೆ ದೂಡಿ ಹಾಕಿದಳು. ಟೆಂಪೋ ಸ್ವಲ್ಪ ಹೊತ್ತು ಹಾಗೇ ಗುರುಗುಟ್ಟುತ್ತ ನಿಂತಿತ್ತು, ಆಮೇಲೆ ಹೊರಟುಹೋಯಿತು.

ಲಾರಿಯ ಪಕ್ಕದಲ್ಲಿ ನಿಂತಿದ್ದ ಪೂನಮ್ ಇದನ್ನೆಲ್ಲ ನೋಡಿದಳು. ಹತ್ತಿರ ಬಂದಳು. ಅಪ್ಪಾಜಿಗೆ ಏನು ಹೇಳಲಿ ಎಂದು ಕೇಳಿದಳು. ಅವಳ ಮುಖದಲ್ಲಿ ಒಂದು ಹೆದರಿಕೆ ಇತ್ತು, ಸಾತವ್ವನದಕ್ಕಿಂತ ಬೇರೆ ಜಾತಿಯ ಹೆದರಿಕೆ.

"ಏನೂ ಹೇಳಬ್ಯಾಡ್ರಿ. ಸಾತವ್ವ ಬರಲಿಲ್ಲ ಅನ್ರಿ."

ಪೂನಮ್ ಕಿಸೆಯಲ್ಲಿ ತಡಕಾಡಿ ಕಾರ್ಖಾನೆಯ ಗೇಟಿನ ಬೀಗದ ಕೈ ತೆಗೆದು ಕೊಟ್ಟಳು. ಬಾಡಿಗೆ ಯುಗಾದಿಯವರೆಗೆ ಕೊಟ್ಟಾಗಿದೆ ಎಂದಳು. ಇನ್ನೊಂದು ದೋಣಿ ಕಟ್ಟುತ್ತೇನೋ ಇಲ್ಲವೋ ಈಗಲೇ ಹೇಳಲಾರೆ ಎಂದಳು. ಅಷ್ಟೇ. ಮಾಯಪ್ಪ ಲಾರಿಯ ಮೇಲಿನಿಂದ, ತಡಾ ಆತು ಅಕ್ಕಾರ, ಎಂದು ಕೂಗಿದ. ಅವಳು ಜೀಪು ಹತ್ತಿದಳು.

ಲಾರಿ ಮೆಲ್ಲಗೆ ಹೊರಟಿತು. ಗಾಲಿಗಳು ಮಂಜಿನಲ್ಲಿ ಮುಳುಗಿದ್ದವು. ಮೇಲಿನ ದೋಣಿಯಷ್ಟೇ ಕಾಣುತ್ತಿತ್ತು. ಬೇಲಿಗಳ ಮೇಲಿನಿಂದ, ಬಾಳೆಗಿಡಗಳ ಮೇಲಿನಿಂದ, ಯಾರದೋ ಅಂಗಳದ ಒಣಹಾಕಿದ ಬಟ್ಟೆಗಳ ಮೇಲಿನಿಂದ ಅದು ಪಡುವಣಕ್ಕೆ ತೇಲಿಹೋಯಿತು. ಹಾಲಿನ ಕ್ಯಾನು ಹೊತ್ತ ಸೈಕಲ್ಲಿನವನೊಬ್ಬ ಕಾಲೂರಿ ನಿಂತು, ಅದು ಕಣ್ಮರೆಯಾಗುವವರೆಗೂ ನೋಡಿದ.

ಸಾತವ್ವ ಒಳಗೆ ಬಂದಳು. ಇಷ್ಟು ದೊಡ್ಡ ಶೆಡ್ಡನ್ನು ಅವಳು ಕಂಡೇ ಇರಲಿಲ್ಲ. ಎರಡು ವರ್ಷ ಬಯಲಿನಿಂದ ಬೀಸಿದ ಮಳೆಗೆ ನೆಲವೆಲ್ಲ ಪಾಚಿಗಟ್ಟಿತ್ತು. ದೋಣಿ ನಿಂತಿದ್ದಲ್ಲಿ ಮಾತ್ರ ಹನಿ ಬಿದ್ದಿರಲಿಲ್ಲ. ಹಸಿರಿನ ನಡುವೆ, ಮೂತಿ ಚೂಪಾಗಿ, ನಡು ಅಗಲವಾಗಿ, ಒಣಗಿದ ಕೆಂಪು ಮಣ್ಣಿನ ಇನ್ನೊಂದು ದೋಣಿ ಉಳಿದಿತ್ತು.

ಅವಳು ಗಂಟನ್ನು ಅದರ ಒಂದು ತುದಿಗಿಟ್ಟು, ಅದನ್ನೇ ತಲೆದಿಂಬು ಮಾಡಿ ಮಲಗಿದಳು. ಅಂಗಾತ. ಬಹಳ ವರ್ಷ ಅವಳಿಗೆ ಹಾಗೆ ಮಲಗಲು ಆಗುತ್ತಿರಲಿಲ್ಲ. ಮಂಜು ಕರಗಿ ಬಿಸಿಲೇರಿತು. ಸೂರಿನ ಒಡೆದ ಹೆಂಚೊಂದರಿಂದ ಇಳಿದ ಬೆಳಕಿನ ಬಿಲ್ಲೆ ಪಾಚಿಯ ಮೇಲಿನಿಂದ ಸರಿಯುತ್ತ ಬಂದು ಅವಳ ಪಾದ ಹತ್ತಿತು, ಮೊಣಕಾಲು ದಾಟಿತು, ಹೊತ್ತು ಹೋದಂತೆ ಎದೆಯ ಮೇಲೆ ಬಂತು. ಅಲ್ಲಿ ಅದು ಮೆಲ್ಲಗೆ ಏರಿತು, ಇಳಿಯಿತು, ಮತ್ತೆ ಏರಿತು.